ಕುಗ್ಗಿಸಿದ ಫಿಟ್ಸ್ ಚಿತ್ರಗಳಿಗೆ ಸರ್ವರ್ ಯಾವ ಮಾಧ್ಯಮ ಪ್ರಕಾರವನ್ನು ಹೇಳಬೇಕು?

ಪ್ರಶ್ನೆ (ಕಲಬುರಗಿ)

ಆಳಂದ ರಸ್ತೆಯ ಕಡೆ ದೂರದರ್ಶಕವಿಟ್ಟು ನಮ್ಮ ಬಳಗ ತೆಗೆದ, ಫಿಟ್ಸ್ ಎಂಬ ಖಗೋಳ ಕಡತ ರೂಪದಲ್ಲಿರುವ ಆಕಾಶಚಿತ್ರಗಳನ್ನು ಬೀದರ್ ಮತ್ತು ಯಾದಗಿರಿಯ ಕಾಲೇಜು ವಿದ್ಯಾರ್ಥಿಗಳು ನಕ್ಷತ್ರಗಳ ಕಾಂತಿ ಅಳೆಯುವ ಅಭ್ಯಾಸಕ್ಕೆ ಇಳಿಸಿಕೊಳ್ಳಲೆಂದು ಸಣ್ಣ ಸರ್ವರ್‌ನಲ್ಲಿ ಇಟ್ಟಿದ್ದೇವೆ. ಹಳ್ಳಿಗಳ ನಿಧಾನ ಸಂಪರ್ಕವನ್ನು ಗಮನದಲ್ಲಿಟ್ಟು ಕೆಲವನ್ನು ಯಾವುದೇ ಕಡತವನ್ನು ಕುಗ್ಗಿಸುವ ಜಿಜಿಪ್‌ನಿಂದ, ಉಳಿದವನ್ನು ಫಿಟ್ಸ್‌ಗೆಂದೇ ಇರುವ ಎಫ್‌ಪ್ಯಾಕ್‌ನಿಂದ ಕುಗ್ಗಿಸಿದ್ದೇವೆ. ಜಿಜಿಪ್ ಕಡತ ಕೆಲವರಲ್ಲಿ ಆಗಲೇ ಬಿಚ್ಚಿಕೊಂಡು ಬಂದರೂ ಹೆಸರಿನ ಕೊನೆಯಲ್ಲಿ ಜಿಝಡ್ ಹಾಗೆಯೇ ಉಳಿಯುವುದರಿಂದ, ತಂತ್ರಾಂಶ ಅದನ್ನು ಮತ್ತೆ ಬಿಚ್ಚಲು ಹೋಗಿ ನಿಂತುಬಿಡುತ್ತದೆ. ಎರಡೂ ಬಗೆಗೆ ಮಾಧ್ಯಮ ಪ್ರಕಾರವನ್ನು (ಕಡತ ಯಾವ ಬಗೆಯದೆಂದು ಸರ್ವರ್ ಹೇಳುವ ಗುರುತು) ಇಮೇಜ್/ಫಿಟ್ಸ್ ಎಂದು ಬರೆದಿರುವುದು ಸರಿಯೇ?

ಉತ್ತರ (ಬೀದರ್)

ಎರಡಕ್ಕೂ ಒಂದೇ ಉತ್ತರ ಹೊಂದುವುದಿಲ್ಲ. 2005ರ ಆರ್‌ಎಫ್‌ಸಿ 4047 (ಆರ್‌ಎಫ್‌ಸಿ ಎಂದರೆ ಅಂತರಜಾಲದ ತಾಂತ್ರಿಕ ದಾಖಲೆ) ಫಿಟ್ಸ್‌ಗೆ ಎರಡು ಪ್ರಕಾರಗಳನ್ನು ನೋಂದಾಯಿಸಿದೆ: ಯಾವುದೇ ಫಿಟ್ಸ್ ಕಡತಕ್ಕೆ ಅಪ್ಲಿಕೇಶನ್/ಫಿಟ್ಸ್, ಮೊದಲ ಭಾಗದಲ್ಲಿಯೇ ಚಿತ್ರವಿರುವ ಕಡತಕ್ಕೆ ಇಮೇಜ್/ಫಿಟ್ಸ್.

ಜಿಜಿಪ್ ಇಡೀ ಕಡತಕ್ಕೆ ಹೊರಗಿನಿಂದ ಹಾಕಿದ ಹೊದಿಕೆ. ಸರ್ವರ್ ಅದನ್ನು ಕಂಟೆಂಟ್-ಎನ್‌ಕೋಡಿಂಗ್ (ಕಳುಹಿಸಲೆಂದು ಕುಗ್ಗಿಸಿದ್ದು ಎನ್ನುವ ಸಾಲು) ಎಂದು ಸಾರಿದರೆ ಬ್ರೌಸರ್ ತಾನೇ ಬಿಚ್ಚಬಹುದು. ನಿಮ್ಮಲ್ಲಿ ಆಗುತ್ತಿರುವುದು ಬಹುಶಃ ಇದೇ. ಇಳಿಸಿ ಉಳಿಸಿಕೊಳ್ಳುವ ಕಡತಗಳಿಗೆ ಆ ಎನ್‌ಕೋಡಿಂಗ್ ಸಾಲನ್ನು ಕಳುಹಿಸದೆ, 2012ರ ಆರ್‌ಎಫ್‌ಸಿ 6713 ನೋಂದಾಯಿಸಿದ ಅಪ್ಲಿಕೇಶನ್/ಜಿಜಿಪ್ ಎಂಬುದನ್ನೇ ಹೇಳುವುದು ಲೇಸು, ಏಕೆಂದರೆ ಆಗ ಸರ್ವರ್‌ನಲ್ಲಿದ್ದ ಬೈಟ್‌ಗಳೇ ವಿದ್ಯಾರ್ಥಿಯ ಡಿಸ್ಕ್‌ಗೂ ಬಂದು ಚೆಕ್‌ಸಮ್ (ಕಡತ ಬದಲಾಗಿಲ್ಲವೆಂದು ತೋರುವ ಸಂಖ್ಯೆ) ತಾಳೆಯಾಗುತ್ತದೆ. ನಿಮ್ಮದು ಅಪಾಚೆ ಎಂಬ ಸರ್ವರ್ ತಂತ್ರಾಂಶವಾದರೆ ಆ ಫೋಲ್ಡರ್‌ಗೆ ಮಾತ್ರ ರಿಮೂವ್‌ಎನ್‌ಕೋಡಿಂಗ್ ಸೂಚನೆ ಕೊಟ್ಟು, ಆಡ್‌ಟೈಪ್‌ನಿಂದ ಅಪ್ಲಿಕೇಶನ್/ಜಿಜಿಪ್ ಎಂದು ಹೇಳಿ.

ಎಫ್‌ಪ್ಯಾಕ್ ಕ್ರಮವೇ ಬೇರೆ. ಅದು ಚಿತ್ರವನ್ನು ತುಂಡುಗಳಾಗಿ ಸೀಳಿ, ಪ್ರತಿ ತುಂಡನ್ನೂ ಕುಗ್ಗಿಸಿ, ಬೈನರಿ ಕೋಷ್ಟಕದೊಳಗೆ ಇಡುತ್ತದೆ. ಶಿರೋಲೇಖ (ಚಿತ್ರದ ವಿವರಗಳಿರುವ ಸಾಲುಗಳು) ಓದಬಹುದಾದಂತೆಯೇ ಉಳಿಯುತ್ತದೆ, ಫಿಟ್ಸ್‌ನ 2880 ಬೈಟ್‌ಗಳ ಬ್ಲಾಕ್ ವಿನ್ಯಾಸವೂ ಉಳಿಯುತ್ತದೆ. ಅಂದರೆ ಎಫ್‌ಪ್ಯಾಕ್ ಕೊಡುವ ಎಫ್‌ಝಡ್ ಕಡತ ಸ್ವತಃ ಪೂರ್ಣ ಫಿಟ್ಸ್ ಕಡತ, ಮತ್ತು ಈ ವಿಧಾನ ಫಿಟ್ಸ್ ಮಾನಕದ 4.0ನೇ ಆವೃತ್ತಿಯಲ್ಲಿ ಸೇರಿದೆ. ಆ ಕೋಷ್ಟಕ ಮೊದಲ ಭಾಗದ ನಂತರ ಬರುವುದರಿಂದ, ಮೊದಲ ಭಾಗದಲ್ಲಿ ಚಿತ್ರವಿಲ್ಲದ ಕಾರಣ ಅದಕ್ಕೆ ಇಮೇಜ್/ಫಿಟ್ಸ್ ಸಲ್ಲದು. ಅಪ್ಲಿಕೇಶನ್/ಫಿಟ್ಸ್ ಎಂದಷ್ಟೇ ಬರೆದು, ಎನ್‌ಕೋಡಿಂಗ್ ಸಾಲನ್ನು ಬಿಡಿ.

ಉತ್ತರ (ಯಾದಗಿರಿ)

ಮೇಲಿನದನ್ನು ಒಪ್ಪುತ್ತೇನೆ. ಆದರೆ ಕಾಂತಿ ಅಳೆಯುವವರಿಗೆ ಇನ್ನೊಂದು ವಿಷಯ ಮುಖ್ಯ. ಕ್ಯಾಮೆರಾದ 16 ಬಿಟ್ ಪೂರ್ಣಾಂಕಗಳನ್ನು ಎಫ್‌ಪ್ಯಾಕ್‌ನ ರೈಸ್ ವಿಧಾನ ನಷ್ಟವಿಲ್ಲದೆ ಕುಗ್ಗಿಸುತ್ತದೆ. ತಿದ್ದುಪಡಿಯಾದ ದಶಾಂಶ ಮೌಲ್ಯದ ಚಿತ್ರಗಳನ್ನು ಮಾತ್ರ, ಬೇರೆ ಸೂಚನೆ ಕೊಡದಿದ್ದರೆ, ಮೊದಲು ಹಂತಗಳಾಗಿ ದುಂಡಾಗಿಸುತ್ತದೆ. ಮಾಧ್ಯಮ ಪ್ರಕಾರ ಇದನ್ನು ಹೇಳುವುದೇ ಇಲ್ಲ.

ಪ್ರಶ್ನೆ ಕೇಳಿದವರು

ದಶಾಂಶ ಮೌಲ್ಯಗಳನ್ನು ಕಳೆದುಕೊಳ್ಳದೆ ಕುಗ್ಗಿಸುವುದು ಹೇಗೆ?

ಉತ್ತರ (ಯಾದಗಿರಿ)

ಎಫ್‌ಪ್ಯಾಕ್‌ನೊಳಗೇ ಜಿಜಿಪ್ ವಿಧಾನ ಆರಿಸಿ ದುಂಡಾಗಿಸುವ ಮಟ್ಟವನ್ನು 0 ಎಂದು ಕೊಡಿ. ಕಡತದ ಗಾತ್ರ ಅಷ್ಟಾಗಿ ಇಳಿಯುವುದಿಲ್ಲ, ಆದರೂ ಅಳತೆಗೆ ಇಡುವ ಚಿತ್ರಗಳಿಗೆ ಇದೇ ಯೋಗ್ಯ. ಯಾವ ವಿಧಾನ ಬಳಸಲಾಗಿದೆ ಎಂಬುದನ್ನು ಶಿರೋಲೇಖದ ಝಡ್‌ಸಿಎಂಪಿಟೈಪ್ ಸಾಲಿನಲ್ಲಿ ವಿದ್ಯಾರ್ಥಿಗಳೇ ಓದಿಕೊಳ್ಳಬಹುದು.