ಪದಚರ್ಚೆ: ರೈಫಲ್ಲಿನ 'ಫೋರ್‌ಸೈಟ್'ಗೆ ಏನನ್ನೋಣ? (ತುರ್ತು)

ಕೇಳಿದವರು:
ಗೆಳೆಯರೆ, ಹಳೆಯ ಸೇನಾ ಬಂದೂಕುಗಳ ಪ್ರದರ್ಶನವೊಂದಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ. ಪಶ್ಚಿಮ ಬಂಗಾಳದ ಇಶಾಪುರದಲ್ಲಿ ತಯಾರಾದ 303 ಲೀ-ಎನ್‌ಫೀಲ್ಡ್ ರೈಫಲ್. ಗುರಿ ನೋಡಲೆಂದು ನಳಿಗೆಯ ತುದಿಯಲ್ಲಿ ನಿಂತಿರುತ್ತದಲ್ಲ ಪುಟ್ಟ ಅಲಗು, ಅದಕ್ಕೆ ಪದ ಬೇಕು. ಯಂತ್ರಾನುವಾದ 'ದೂರದೃಷ್ಟಿ' ಅಂತ ಕೊಟ್ಟಿತು. 'ದೂರದೃಷ್ಟಿ ಬಿಚ್ಚುವ ಮೊದಲು ನೋಸ್‌ಕ್ಯಾಪ್ ತೆಗೆಯಬೇಕು' ಎಂದು ಬರೆಯಲಾದೀತೆ? (ನೋಸ್‌ಕ್ಯಾಪ್ ಎಂದರೆ ಬಂದೂಕಿನ ಮರದ ಮುಂತುದಿಗೆ ತೊಡಿಸಿದ ಲೋಹದ ಟೋಪಿ.) ಅಲಗು ಕೂರುವ, ಬಾಯಿ ಕಿರಿದಾಗಿ ತಳ ಅಗಲವಾಗಿರುವ ಡವ್‌ಟೇಲ್ ತೋಡಿಗೂ ಏನಾದರೂ ಹೇಳಿ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗುತ್ತದೆ.

ಮಂಗಳೂರು:
ಮುಂಗುರಿ. ಹಿಂದಿನದು ಹಿಂಗುರಿ. ಮುಗಿಯಿತು.

ಮೈಸೂರು:
ಮುಗಿಯಲಿಲ್ಲ. ಗುರಿ ಎಂದರೆ ಹೊಡೆಯಬೇಕಾದದ್ದು. 'ಮುಂಗುರಿ' ಓದಿದವನು ಎದುರಿನ ಹಲಗೆ ಅಂದುಕೊಳ್ಳುತ್ತಾನೆ. ಉರ್ದು-ಹಿಂದಿಯಲ್ಲಿ ಇದು ಮಖ್ಖಿ. ಫಾರಸಿಯ ಮಗಸಕ್, ರಷ್ಯನ್ನಿನ ಮೂಶ್ಕ, ಎರಡೂ ಮರಿನೊಣವೇ. ಜರ್ಮನ್ನರು ಮಾತ್ರ ಕೋರ್ನ್, ಅಂದರೆ ಕಾಳು, ಎನ್ನುತ್ತಾರೆ. ಅಷ್ಟು ಭಾಷೆಯವರಿಗೆ ಕಂಡದ್ದು ನಮಗೇಕೆ ಕಾಣಬಾರದು? ನೊಣ ಎನ್ನಿ.

ಮಂಗಳೂರು:
> ನೊಣ ಎನ್ನಿ
'ನೊಣ ತೆಗೆಯುವ ವಿಧಾನ' ಅಂತ ಫಲಕ ಹಾಕಿದರೆ ನೋಡಲು ಬಂದವರು ಫಿನಾಯಿಲ್ ಕೇಳುತ್ತಾರೆ. ಹಿಂದಿಯ ಎಂಜಲು ನಮಗೆ ಬೇಡ. ಅಂದಹಾಗೆ, ಕೊಳವೆ ಎಂಬರ್ಥದ 'ಕೋವಿ' ಅಚ್ಚಗನ್ನಡದಲ್ಲಿ ಇರುವಾಗ ಅರಬ್ಬಿಯಿಂದ ಬಂದ 'ಬಂದೂಕು' ಏಕೆ ಬರೆದಿರಿ?

ಮಡಿಕೇರಿ:
ಮೊದಲು ಭಾಗಗಳನ್ನು ಬೇರೆ ಮಾಡಿಕೊಳ್ಳಿ, ಪದ ತಾನಾಗಿ ಸಿಗುತ್ತದೆ. ನಳಿಗೆಗೆ ಅಡ್ಡಪಿನ್ನು ಹೊಡೆದು ಕೂರಿಸಿದ್ದು ಪೀಠ. ಪೀಠದ ಕಚ್ಚಿನಲ್ಲಿ ಅಡ್ಡಕ್ಕೆ ಜಾರುವುದು ಅಲಗು. ಎರಡೂ ಪಕ್ಕ ಅಲಗಿಗೆ ಪೆಟ್ಟು ಬೀಳದಂತೆ ನಿಂತಿರುವುದು ಕಿವಿ. ಈ ಕಿವಿಗಳು ನೋಸ್‌ಕ್ಯಾಪಿನದೇ ಭಾಗ, ಅದಕ್ಕೇ ಅದನ್ನು ಮೊದಲು ಕಳಚುವುದು. ಅಲಗಿಗೆ ಸುತ್ತಿಗೆ ತಾಗಿಸುವುದು ಒರಟು ಕೆಲಸ. ಬಲ್ಲವರು ತಿರುಪು ಇರುವ ಒತ್ತುಸಾಧನ ಕಟ್ಟಿ ಕೂದಲೆಳೆಯಷ್ಟೇ ಜರುಗಿಸುತ್ತಾರೆ. ಗುಂಡು ಎಡಕ್ಕೆ ಬೀಳುತ್ತಿದ್ದರೆ ಅಲಗೂ ಎಡಕ್ಕೇ ಹೋಗಬೇಕು, ಹೊಸಬರು ಇಲ್ಲಿ ತಪ್ಪದೆ ಉಲ್ಟಾ ಮಾಡುತ್ತಾರೆ. ಮೇಲೆ ಬೀಳುತ್ತಿದ್ದರೆ ಇನ್ನೂ ಎತ್ತರದ ಅಲಗು ಹಾಕಬೇಕು. ಎತ್ತರಗಳು 0.015 ಇಂಚಿನ ಹಂತದಲ್ಲಿ ಬರುತ್ತವೆ, ಒಂದು ಹಂತಕ್ಕೆ 100 ಗಜದಲ್ಲಿ ಸುಮಾರು 3 ಇಂಚು ವ್ಯತ್ಯಾಸ. ಎಲ್ಲ ಹೊಂದಿದ ಮೇಲೆ ಪಂಚಿನಿಂದ ಕುಟ್ಟಿ ಅಲುಗದಂತೆ ಮಾಡುವುದು. 'ಮುಂಗುರಿ' ಎಂದುಬಿಟ್ಟರೆ ಇದರಲ್ಲಿ ಯಾವುದು?
ಡವ್‌ಟೇಲಿಗೆ 'ಕಚ್ಚು' ಸಾಕು. ಪಾರಿವಾಳದ ಬಾಲ ಗೀಲ ಬೇಡ.

ಮೈಸೂರು:
ಮಂಗಳೂರಿನವರಿಗೆ ಒಂದೇ ಪ್ರಶ್ನೆ. ಬಂದೂಕಿನ 'ಕುದುರೆ' (ಟ್ರಿಗರ್) ಎಲ್ಲಿಂದ ಬಂತು? ಅದು ಹಿಂದಿಯ ಘೋಡಾದ ಕನ್ನಡ. ಕುದುರೆ ಎಳೆಯಬಹುದಾದರೆ ನೊಣ ಕೂರಿಸಬಾರದೆ?

ಮಂಗಳೂರು:
ತಮಿಳರೂ ಕುದಿರೈ ಎನ್ನುತ್ತಾರೆ. ಅದೂ ಹಿಂದಿಯೋ?

ಮೈಸೂರು:
ತಮಿಳರಿಗೂ ಬಂದೂಕು ಆಕಾಶದಿಂದ ಉದುರಲಿಲ್ಲ.

ಶಿವಮೊಗ್ಗ:
ಎನ್‌ಸಿಸಿಯಲ್ಲಿ 'ಫೋರ್‌ಸೈಟ್ ಟಿಪ್' ಅಂದೇ ಕಲಿತದ್ದು. ರೈಫಲ್ ರೈಫಲ್ಲೇ, ಫೋರ್‌ಸೈಟ್ ಫೋರ್‌ಸೈಟೇ. ಬಸ್ಸಿಗೆ ಪದ ಹುಡುಕಿಕೊಂಡು ಕೂತಿದ್ದೀರಾ?

ಮಂಗಳೂರು:
ಇಂಥವರಿಂದಲೇ ಕನ್ನಡ ಹೀಗಾಗಿರುವುದು.

ಕೇಳಿದವರು:
'ಗುರಿಯಲಗು', 'ಪೀಠ', 'ಕಚ್ಚು', 'ಕಿವಿ' ಹಾಕಿ ಕಳಿಸಿದೆ. ಮಡಿಕೇರಿಯವರಿಗೆ ಧನ್ಯವಾದ. 'ಬಂದೂಕು' ಹಾಗೇ ಇದೆ. ಕುದುರೆಯ ಜಗಳಕ್ಕೆ ದಯವಿಟ್ಟು ಬೇರೆ ಎಳೆ ಶುರುಮಾಡಿ.

ಮಂಗಳೂರು:
'ಪೀಠ' ಸಂಸ್ಕೃತ. 'ಮಣೆ' ಇರಲಿಲ್ಲವೆ?