ಅಪ್‌ಡೇಟ್: ಬೈಕಿನ ಎಂಜಿನ್ ಆಯಿಲ್ ಸೋರಿಕೆ ನಿಂತಿತು

ಡ್ರೈನ್ ಬೋಲ್ಟ್ (ಎಂಜಿನ್ ತಳದಲ್ಲಿ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟ್) ಬಿಗಿ ಮಾಡಿದರೂ ಆಯಿಲ್ ತೊಟ್ಟಿಕ್ಕುತ್ತಿದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಮೊದಲು ಎಂಜಿನ್ ತೊಳೆದು ಪೌಡರ್ ಉದುರಿಸಿ ನೋಡಿ ಎಂದವರಿಗೆ ಕೈಮುಗಿಯುತ್ತೇನೆ. ಹಾಗೆಯೇ ಮಾಡಿ ಹತ್ತು ನಿಮಿಷ ಓಡಿಸಿದೆ. ಬಿಳಿ ಪೌಡರಿನ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆಯೊಂದು ಕ್ಲಚ್ ಕವರಿನ ಅಂಚಿನಿಂದ ಇಳಿದು ಡ್ರೈನ್ ಬೋಲ್ಟಿನ ತುದಿಯಲ್ಲಿ ಹನಿಯಾಗಿ ನಿಂತಿತ್ತು. ತಪ್ಪು ಬೋಲ್ಟಿನದಲ್ಲ!

ಆಯಿಲ್ ಇಳಿಸಿ ಕವರ್ ಬಿಚ್ಚಿದೆ. ಹಳೆಯ ಗ್ಯಾಸ್ಕೆಟ್ (ಕವರ್ ಮತ್ತು ಎಂಜಿನ್ ನಡುವೆ ಆಯಿಲ್ ಸೋರದಂತೆ ಇಡುವ ತೆಳು ಹಾಳೆ) ಒಂದೆಡೆ ಹರಿದು, ಉಳಿದೆಡೆ ಲೋಹಕ್ಕೆ ಕಚ್ಚಿಕೊಂಡಿತ್ತು. ಅದನ್ನು ಕೆರೆಯುವುದರಲ್ಲೇ ಒಂದು ಗಂಟೆ ಹೋಯಿತು. ಅಲ್ಯೂಮಿನಿಯಂ ಮೃದು, ದಯವಿಟ್ಟು ಸ್ಕ್ರೂಡ್ರೈವರ್ ಹಾಕಬೇಡಿ. ಗೀರು ಬಿದ್ದರೆ ಮತ್ತೆ ಸೋರುತ್ತದೆ. ಪ್ಲಾಸ್ಟಿಕ್ ಪಟ್ಟಿಯೇ ಸಾಕು. ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿದೆ. ಡ್ರೈನ್ ಬೋಲ್ಟಿನ ವಾಷರನ್ನೂ ಬದಲಿಸಿದೆ.

ಮೂರು ದಿನವಾಯಿತು, ಕೆಳಗೆ ಹಾಸಿದ ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ.