ಗೋದಾಮಿನಲ್ಲಿ ಎಳ್ಳಮಾವಾಸ್ಯೆ ಮಾಡಬಹುದೇ?

ಪ್ರಶ್ನೆ: ಕಲಬುರಗಿಯಲ್ಲಿ ಶಾಲೆಗಳಿಗೆ ಸೀಮೆಸುಣ್ಣ, ಡಸ್ಟರ್, ಭೂಪಟಗಳನ್ನು ಪೂರೈಸುವ ನಮ್ಮ ಕಚೇರಿಯಲ್ಲಿ 12 ಜನರಿದ್ದೇವೆ. ಹೊಲವಿಲ್ಲದವರೇ ಹೆಚ್ಚಾಗಿರುವುದರಿಂದ ಈ ಸಲ, ಹೊಲದಲ್ಲಿ ಮಾಡುವ ಎಳ್ಳಮಾವಾಸ್ಯೆಯ ಊಟವನ್ನು ಗೋದಾಮಿನಲ್ಲೇ ಇಟ್ಟುಕೊಳ್ಳಬೇಕೆಂದಿದ್ದೇವೆ. ಹೇಗೆ ಮಾಡಿದರೆ ಚೆನ್ನ?

ಉತ್ತರ: ಸಜ್ಜೆ ರೊಟ್ಟಿ, ಅಂಬಲಿ, ಭಜ್ಜಿಯನ್ನು ಹಂಚಿಕೊಂಡು ತನ್ನಿರಿ, ಹಸಿ ತೊಗರಿ, ಅವರೆ, ಕಡಲೆ, ಸೊಪ್ಪುಗಳೆಲ್ಲ ಬೀಳದಿದ್ದರೆ ಅದು ಭಜ್ಜಿಯೇ ಅಲ್ಲ. ಅಂಬಲಿಯ ಗಡಿಗೆಯನ್ನು ಮಾತ್ರ ಮಾಲಿನಿಂದ ದೂರವಿಡಿ. ಹೋದ ವರ್ಷ ನಮ್ಮಲ್ಲಿ ಅದು ಉರುಳಿ, ಹೊಸ ಭೂಪಟದ ಅರಬ್ಬೀ ಸಮುದ್ರವೆಲ್ಲ ಬೆಳ್ಳಗಾಗಿತ್ತು.

ಉತ್ತರ: ಊಟವೇನೋ ಸರಿ, ಆದರೆ ಸಿಮೆಂಟಿನ ನೆಲದ ಮೇಲೆ ಚರಗ (ಭೂತಾಯಿಗೆಂದು ಹೊಲದಲ್ಲಿ ಚೆಲ್ಲುವ ನೈವೇದ್ಯ) ಚೆಲ್ಲುವುದು ಹೇಗೆ? ಯಾರಾದರೂ ಸಹೋದ್ಯೋಗಿಯ ಹೊಲಕ್ಕೆ ಹೋಗುವುದೇ ಲೇಸು.

ಪ್ರಶ್ನೆ ಕೇಳಿದವರು: ಲೆಕ್ಕಪತ್ರ ನೋಡುವ ಅಕ್ಕನವರು ತಮ್ಮ ತೊಗರಿ ಹೊಲಕ್ಕೆ ಕರೆದಿದ್ದಾರೆ. ಅಂಬಲಿಯ ಗಡಿಗೆಯನ್ನು ವ್ಯವಸ್ಥಾಪಕರ ತೊಡೆಯ ಮೇಲಿಡಲು ತೀರ್ಮಾನವಾಗಿದೆ.